ಕ್ಯಾನಕ್ಕ ನುಂಗಿದ ಮೊದಲ ಗುಟುಕು

ಕ್ಯಾನಕ್ಕನಿಗೆ ಆ ಹೆಸರು ಬಂದದ್ದು ಹಾಲಿನ ಕ್ಯಾನುಗಳಿಂದ. ಡೈರಿಯ ಹಿಂಬದಿಯಲ್ಲಿ ಲಾರಿಗಳು ಬೆನ್ನು ತಿರುಗಿಸಿ ನಿಲ್ಲುವ ಕಟ್ಟೆಯ ಮೇಲೆ, ಮೂವತ್ತೊಂದು ವರ್ಷ, ಬೆಳಗಿನ ಐದೂವರೆಗೆ ಸರಿಯಾಗಿ ಆಕೆ ಹಾಜರಿರುತ್ತಿದ್ದಳು. ಲಾರಿಯಿಂದ ಇಳಿದ ಕ್ಯಾನು ಎದುರು ಬಂದು ನಿಂತರೆ ಮುಚ್ಚಳ ಎತ್ತಿ, ಅದರ ಒಳಮೈಯನ್ನು ಮೂಗಿಗೆ ಹಿಡಿಯುವುದು; ಅನುಮಾನ ಬಂದರೆ ಉದ್ದ ಹಿಡಿಯ ಸೌಟಿನಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಿಗೆಯ ಮೇಲೆ ಆಡಿಸಿ, ಪಕ್ಕದ ಬಕೆಟ್ಟಿಗೆ ಉಗಿದು, ಒಂದೇ ಒಂದು ಮಾತು ಹೇಳುವುದು. "ತಗೋ" ಅಂದರೆ ಹಾಲು ದೊಡ್ಡ ಟ್ಯಾಂಕಿಗೆ. "ಬೇಡ" ಅಂದರೆ ಕ್ಯಾನಿಗೆ ಬಂದ ದಾರಿಗೆ ಸುಂಕವಿಲ್ಲ. ಮೇಲಿನವರು ಬಂದು ವಾದ ಮಾಡಿದರೂ ಆ ಮಾತು ಬದಲಾಗುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವಳು ಆಕೆ, ಆದರೆ ನ್ಯಾಯ ಹೇಳಬೇಕೆಂದರೆ ಆಕೆ ಹಿಡಿದ ಮೊಲಗಳಿಗೆ ಬಹುಪಾಲು ಮೂರೇ ಕಾಲು ಇರುತ್ತಿದ್ದವು.

ಈ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಕೆಲವು ಕಟ್ಟುಪಾಡು ಹಾಕಿಕೊಟ್ಟಿದ್ದ. ವಾಸನೆಯ ಸೋಪು ಕೂಡದು. ಮುಖಕ್ಕೆ ಪೌಡರ್ ಕೂಡದು. ಯಾರ ಮನೆಯ ಹಾಲು ಎಂದು ಮೊದಲು ಕೇಳಬಾರದು, ಕ್ಯಾನಿನ ನಂಬರನ್ನು ಮಾತು ಹೇಳಿಯಾದ ಮೇಲೆಯೇ ನೋಡಬೇಕು. ಕೆಲಸ ಮುಗಿಯುವ ತನಕ ಕಾಫಿ ಮುಟ್ಟುವಂತಿಲ್ಲ, ಕಾಫಿ ಕುಡಿದ ನಾಲಿಗೆ ಅರ್ಧ ದಿನ ಕುರುಡು. ಎಲ್ಲಕ್ಕಿಂತ ದೊಡ್ಡದು, ನುಂಗಬಾರದು. "ಹತ್ತು ಕ್ಯಾನು ನುಂಗಿದೋಳಿಗೆ ಹನ್ನೊಂದನೇದು ತಿಳಿಯಲ್ಲ ಕಣಮ್ಮ, ಉಗೀಬೇಕು" ಎನ್ನುತ್ತಿದ್ದ ಆತ. ಮೂವತ್ತೊಂದು ವರ್ಷ ಆಕೆ ಅಷ್ಟೂ ಹಾಲನ್ನು ಉಗಿದಳು. "ಎಲ್ಲದಕ್ಕೂ ಮೂಗು ತೂರಿಸ್ತಾಳೆ ಅಂತ ನನ್ನ ಹೆಂಡತೀನ ಬೈಯೋ ಹಂಗಿಲ್ಲ, ಅವಳ ಕೆಲಸಾನೇ ಅದು" ಎಂದು ಆಕೆಯ ಗಂಡ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಆತ ಬಸ್ ಡ್ರೈವರ್. ಬಸ್ಸಿನಲ್ಲಿ ಕೂತವರಿಗೆಲ್ಲ ಈ ಮಾತು ಬಾಯಿಪಾಠವಾಗಿತ್ತು.

ಆಕೆಯ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾಗದು. ಒಬ್ಬ ರೈತನ ಕ್ಯಾನನ್ನು ವಾರದಲ್ಲಿ ಮೂರು ಸಲ "ಬೇಡ" ಎಂದಳು. ಹಾಲಿನಲ್ಲಿ ಈರುಳ್ಳಿ ವಾಸನೆ. ಅವನು ಅಳುಮೋರೆ ಹೊತ್ತು ಬಂದು, ಹಸುವಿಗೆ ರೋಗವಿಲ್ಲ, ಪಾತ್ರೆ ತೊಳೆದಿದ್ದೇನೆ, ಇನ್ನೇನು ಮಾಡಲಿ ಎಂದ. ಕ್ಯಾನಕ್ಕ ರಜೆಯ ದಿನ ಅವನ ಕೊಟ್ಟಿಗೆಗೇ ಹೋದಳು. ಹೊಲದ ಬದುವಿನಲ್ಲಿ ಬೆಳೆದ ಕಾಡು ಈರುಳ್ಳಿಯ ಹುಲ್ಲನ್ನು ಅವನು ಹಾಲು ಕರೆಯುವ ಮೊದಲು ಹಸುವಿನ ಮುಂದೆ ಹಾಕುತ್ತಿದ್ದ. "ಹುಲ್ಲು ಬಿಸಾಕ್ಬೇಡ. ಹಾಲು ಕರೆದಾದ ಮೇಲೆ ಹಾಕು. ಮುಂದಿನ ಹೊತ್ತಿಗೆ ವಾಸನೆ ಇಳಿದಿರತ್ತೆ. ತಪ್ಪು ಹುಲ್ಲಿಂದಲ್ಲ, ಹೊತ್ತಿಂದು" ಎಂದು ಹೇಳಿ ಬಂದಳು. ಮರುದಿನದ ಕ್ಯಾನಿಗೆ "ತಗೋ" ಎಂದಾಗ ಆ ರೈತ ಕಟ್ಟೆಯ ಮೇಲೆಯೇ ಕೂತು ಕಣ್ಣೊರೆಸಿಕೊಂಡ.

ಇಂಥವಳ ಜಾಗಕ್ಕೆ ಒಂದು ದಿನ ಯಂತ್ರ ಬಂತು. ಒಂದು ಹನಿ ಹಾಕಿದರೆ ಚೀಟಿಯಲ್ಲಿ ಹನ್ನೆರಡು ಅಂಕಿ ಬರೆದು ಕೊಡುವ ಯಂತ್ರ. ಕ್ಯಾನಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಅಷ್ಟು ವರ್ಷ ಹೊತ್ತಿಗೆ ಮುಂಚೆ ಎದ್ದವಳಿಗೆ ಗಡಿಯಾರ ಕೊಡುವ ಬುದ್ಧಿ ಯಾರಿಗೆ ಹೊಳೆಯಿತೋ.

ಮನೆಯಲ್ಲಿ ಮೂಗಿಗೆ ಕೆಲಸವಿರಲಿಲ್ಲ. ಆಕೆ ಟವೆಲ್ಲು ಮೂಸಿದಳು, ಹಿಟ್ಟಿನ ಡಬ್ಬಿ ಮೂಸಿದಳು, ಗಂಡನ ಕಾಲುಚೀಲಕ್ಕೆ ದಿನಾ "ಬೇಡ" ಎಂದಳು. ಆತನೂ ಅಷ್ಟರಲ್ಲಿ ಬಸ್ಸು ಬಿಟ್ಟು ಮನೆ ಸೇರಿದ್ದ. ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಕಾಫಿ ಮಾಡಿ ತಂದು ಒಂದನ್ನು ಹೆಂಡತಿಯ ಕೈಗಿಡುತ್ತಿದ್ದ. ಪ್ರೀತಿಯಿಂದಲೇ ತರುತ್ತಿದ್ದ, ಕಾಫಿಯೂ ಚೆನ್ನಾಗಿಯೇ ಇರುತ್ತಿತ್ತು. ಆದರೂ ಬೆಳಿಗ್ಗೆ ಬೆಳಿಗ್ಗೆ ಕಾಫಿ ಕುಡಿಯಬಹುದು ಎಂದರೆ ಇವತ್ತೂ ತನ್ನ ನಾಲಿಗೆ ಯಾರಿಗೂ ಬೇಕಿಲ್ಲ ಎಂದೇ ಅರ್ಥ. ಎರಡು ವರ್ಷ ಆಕೆ ಆ ಕಾಫಿಯನ್ನು ಹಾಗೇ ಕುಡಿದಳು.

ಇನ್ನು ಸೊಸೆ. ಮಗ ರೈಲಿನ ಸಿಗ್ನಲ್ ಕೋಣೆಯಲ್ಲಿ ಎರಡನೇ ಪಾಳಿಯವನು, ಸಂಜೆಯ ಮಾತುಕತೆಗೆ ಸಿಗುವುದೇ ಇಲ್ಲ. ಹಾಗಾಗಿ ಮನೆಯೆಂದರೆ ಅತ್ತೆ, ಮಾವ, ಸೊಸೆ. ಸೊಸೆಗೆ ಬೀರು ತಯಾರಿಸುವ ಒಂದು ಪುಟ್ಟ ಕಾರ್ಖಾನೆಯಲ್ಲಿ ಕೆಲಸ. ಬಾಟಲಿ ತೊಳೆಯುವ ವಿಭಾಗದಲ್ಲಿ ಸೇರಿದವಳು, ಆರು ವರ್ಷದಲ್ಲಿ ನೋಡಿ ನೋಡಿಯೇ ಬೀರು ಮಾಡುವುದನ್ನು ಕಲಿತು ಟ್ಯಾಂಕುಗಳ ತನಕ ಏರಿದ್ದಳು. ಕಳೆದ ವರ್ಷ ಅವಳೇ ತಲೆ ಓಡಿಸಿ ಒಂದು ಹೊಸ ಬೀರು ಹುಟ್ಟಿಸಿದಳು. ಹುರಿದ ಬಾರ್ಲಿಯಿಂದ ಕಪ್ಪಗಾದ, ಹಾಲಿನ ಸಕ್ಕರೆ ಬೆರೆಸಿ, ಕಾಫಿ ಬೀಜ ನೆನೆಹಾಕಿದ ಬೀರು. ಅಂಥದ್ದಕ್ಕೆ ಮಿಲ್ಕ್ ಸ್ಟೌಟ್ ಎಂದು ಹೆಸರು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಕೇಳಿದ್ದೆ. ನೀನು ಕರ್ರಗಿರೋದಕ್ಕೂ ಹಾಲು ಅಂತ ಹೆಸರಿಡ್ತೀಯಲ್ಲೇ!" ಎಂದು ಕ್ಯಾನಕ್ಕ ಅಂದೇ ಮೂಗು ಮುರಿದಿದ್ದಳು.

"ಅದ್ರಲ್ಲಿ ಹಾಲಿಲ್ಲ ಅತ್ತೆ, ಹಾಲಿನ ಸಕ್ಕರೆ ಅಷ್ಟೇ. ಬೇರೆ ಸಕ್ಕರೆನೆಲ್ಲ ಹುದುಗು ಬರಿಸೋ ಯೀಸ್ಟು ತಿಂದು ಮುಗಿಸತ್ತೆ, ಇದೊಂದು ಅದಕ್ಕೆ ಅರಗಲ್ಲ. ಅದಕ್ಕೇ ಕುಡಿದಾಗ ಬಾಯಿ ತುಂಬ ನುಣ್ಣಗೆ ಸಿಹಿ ಉಳಿಯತ್ತೆ."

ಉಳಿಯಬೇಕಾದ ಸಿಹಿಯೇನೋ ಉಳಿಯಿತು, ಆದರೆ ಅದರ ಜೊತೆ ಇನ್ನೊಂದೂ ಉಳಿಯಿತು. ಮೊದಲ ಸಲ ಮಾಡಿದ್ದನ್ನು ಕುಡಿದವರು, ಒಂದು ಗ್ಲಾಸು ಮುಗಿದ ಮೇಲೆ ಹಸಿ ದಪ್ಪ ಮೆಣಸಿನಕಾಯಿ ಕಚ್ಚಿದ ಹಾಗೆ ಏನೋ ಬರುತ್ತದೆ ಎಂದರು. ಎರಡನೇ ಸಲವೂ ಅದೇ ದೂರು. ಸೊಸೆಗೆ ಮಾತ್ರ ಎಷ್ಟು ಕುಡಿದರೂ ಅದು ತಿಳಿಯಲಿಲ್ಲ. ದಿನವಿಡೀ ಕಾಫಿ ಪುಡಿಯ ನಡುವೆ ನಿಂತ ಮೂಗು, ಪಾಪ, ಇನ್ನೇನು ಹೇಳೀತು? ಕಾರ್ಖಾನೆಯ ಯಜಮಾನ ಕೆಟ್ಟವನಲ್ಲ, ಆದರೆ ಆತುರಗಾರ. "ಮೂರನೇ ಸಲ ಮಾಡಿ ನೋಡಿ. ಶುಕ್ರವಾರ ನಾನೇ ಕುಡಿದು ನೋಡ್ತೀನಿ. ಅದೇ ವಾಸನೆ ಬಂದ್ರೆ ಈ ಸ್ಟೌಟ್ ಕಥೆ ಮುಗೀತು, ನೀವು ಮತ್ತೆ ಬಾಟಲಿ ಕಡೆಗೆ" ಎಂದುಬಿಟ್ಟ.

ಸೋಮವಾರ ಬೆಳಿಗ್ಗೆ ಸೊಸೆ ಮೂರನೇ ಟ್ಯಾಂಕಿಗೆ ಕಾಫಿ ಬೀಜದ ಬಟ್ಟೆಚೀಲ ಇಳಿಬಿಟ್ಟಳು. ನಾಲ್ಕು ದಿನ ನೆನೆಯಬೇಕು ಎಂಬುದು ಅವಳ ಲೆಕ್ಕ. ಸಂಜೆ ಎರಡನೇ ಸಲದ ಬೀರಿನ ಎರಡು ಬಾಟಲಿ ಹಿಡಿದು ಮನೆಗೆ ಬಂದು, ಅತ್ತೆಯ ಎದುರಿಗಿಟ್ಟಳು.

"ಅತ್ತೆ, ಇದ್ರಲ್ಲಿ ಏನೋ ತಪ್ಪಿದೆ. ಏನು ಅಂತ ನಾನು ಹೇಳಲ್ಲ. ಕ್ಯಾನು ನೋಡ್ತಿದ್ರಲ್ಲ, ಹಾಗೆ ನೋಡಿ."

ಕ್ಯಾನಕ್ಕ ಜನ್ಮದಲ್ಲಿ ಬೀರು ಮುಟ್ಟಿದವಳಲ್ಲ. ಆದರೆ "ಕ್ಯಾನು ನೋಡ್ತಿದ್ರಲ್ಲ" ಎಂಬ ಮಾತು ಕಿವಿಗೆ ಬಿದ್ದದ್ದೇ ಬೆನ್ನು ನೆಟ್ಟಗಾಯಿತು. ಕೈ ತೊಳೆದು ಬಂದಳು. ಗ್ಲಾಸಿನ ಮೇಲಿನ ಕಂದು ನೊರೆಯ ಕೆಳಗೆ ಮೂಗು ಇಟ್ಟಳು: ಕಾಫಿ, ಹುರಿದ ಧಾನ್ಯ, ತಳ ಹಿಡಿಯುವ ಮುಂಚಿನ ಹಾಲಿನಂಥ ಒಂದು ಎಳೆ. ಒಂದು ಗುಟುಕು ಬಾಯಿಗೆ ಹಾಕಿ ಆಡಿಸಿದಳು. ಕಹಿ ಇತ್ತು, ಆದರೆ ದುಂಡಗಿನ ಕಹಿ. ಪಕ್ಕದಲ್ಲಿದ್ದ ಮಗ್ಗಿಗೆ ಉಗಿದಳು. ಮತ್ತೊಮ್ಮೆ ಬಾಯಿಗೆ ಹಾಕಿ ಮತ್ತೊಮ್ಮೆ ಉಗಿದಳು. ಸೊಸೆ ಉಸಿರು ಹಿಡಿದು ನಿಂತಿದ್ದಳು.

"ಇದಕ್ಕೇನಾಗಿದೆಯೇ? ಏನೂ ತಪ್ಪಿಲ್ಲ. ತಗೋ!"

ಎರಡು ವರ್ಷದ ಮೇಲೆ ಬಾಯಿಂದ ಬಂದ ಆ ಮಾತು ಆಕೆಗೆ ಸಿಹಿ ತಿಂದಷ್ಟು ಖುಷಿ ಕೊಟ್ಟಿತು. ಸೊಸೆಯ ಕಣ್ಣಲ್ಲಿ ನೀರು ಬಂತು. ಕುಡಿದವರದ್ದೇ ತಪ್ಪಿರಬೇಕು, ನನ್ನದಲ್ಲ ಎಂದು ಅವಳು ಅಷ್ಟು ದಿನದ ಮೇಲೆ ನಿರಾಳವಾಗಿ ಕುರ್ಚಿಗೆ ಒರಗಿದಳು.

ಇತ್ತ ಡ್ರೈವರ್ ಸಾಹೇಬರು ಯಾರೂ ಕೇಳದಿದ್ದರೂ ತಮ್ಮ ಗ್ಲಾಸನ್ನು ತಾವೇ ತುಂಬಿಸಿಕೊಂಡು, ಕೊನೆಯ ಹನಿಯವರೆಗೂ ಕುಡಿದು, ಕಾಲು ಚಾಚಿ ಕೂತಿದ್ದರು. ಹತ್ತು ನಿಮಿಷ ಕಳೆದಿರಬಹುದು. ಗೋಡೆ ಅದುರುವಂತೆ ಒಂದು ತೇಗು ಬಂತು.

"ಏನೇ, ಮಧ್ಯಾಹ್ನ ದಪ್ಪ ಮೆಣಸಿನಕಾಯಿ ಹಾಕಿದ್ಯಾ ಅಡುಗೆಗೆ?"

"ಇಲ್ವಲ್ಲ."

"ಮತ್ತೆ ತೇಗಿನಲ್ಲಿ ಅದೇ ಬರ್ತಿದೆ! ಹಸೀದು, ಈಗಷ್ಟೇ ಮುರಿದ ಹಾಗೆ."

ಸೊಸೆಯ ಮುಖ ಬಿಳುಚಿಕೊಂಡಿತು. ದೂರು ಏನೆಂಬುದನ್ನು ಆಮೇಲೆ ಅವಳು ಹೇಳಲೇಬೇಕಾಯಿತು, ಹೇಳಿದಳು. ಕ್ಯಾನಕ್ಕನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮೂವತ್ತು ವರ್ಷ ಡೀಸೆಲ್ ಹೊಗೆ ಕುಡಿದ ಮೂಗು, ಕಾಲುಚೀಲದ ನಾತವೇ ತಿಳಿಯದ ಮೂಗು ಹಿಡಿದದ್ದನ್ನು ತಾನು ಹಿಡಿಯಲಿಲ್ಲ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ದೊಣ್ಣೆಯ ಕೆಲಸವನ್ನು ಒಂದು ತೇಗು ಮಾಡಿತ್ತು. "ನಿಮಗೇನು ಗೊತ್ತಾಗತ್ತೆ, ಸುಮ್ನಿರಿ" ಎಂದು ಗಂಡನ ಮೇಲೆ ಹರಿಹಾಯ್ದು, ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆ ಯಂತ್ರ ಬಂದದ್ದೇ ಸರಿಯಾಯಿತೇನೋ ಎಂದು ಮೊದಲ ಸಲ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಒಂದು "ತಗೋ" ನಂಬಿ ಆ ಹುಡುಗಿ ಸುಮ್ಮನೆ ಕೂತಿದ್ದರೆ ಶುಕ್ರವಾರ ಅವಳ ಗತಿಯೇನಾಗುತ್ತಿತ್ತು ಎಂದು ನೆನೆದು ಹೆದರಿಕೆಯಾಯಿತು.

ಮೇಜು ಒರೆಸಲು ಬಂದಾಗ ಆಕೆಗೆ ಕಂಡದ್ದು ಎರಡು ಪಾತ್ರೆ. ಗಂಡನ ಗ್ಲಾಸು, ಖಾಲಿ. ತನ್ನ ಮಗ್ಗು, ತಾನು ಉಗಿದದ್ದೆಲ್ಲ ತಳದಲ್ಲಿ ಹಾಗೇ ಇದೆ. ಬಟ್ಟೆ ಹಿಡಿದ ಕೈ ಅಲ್ಲೇ ನಿಂತಿತು.

"ರೀ, ನೀವು ಅಷ್ಟನ್ನೂ ನುಂಗಿದ್ರಾ?"

"ಮತ್ತೇನು, ಕಿವಿಗೆ ಹಾಕ್ಕೋತಾರಾ?"

ಮರುದಿನ ಗಂಡ ಕಾಫಿ ತಂದಾಗ ಕ್ಯಾನಕ್ಕ ಲೋಟದ ಮೇಲೆ ತಟ್ಟೆ ಮುಚ್ಚಿ, "ಈಗ ಬೇಡ" ಎಂದಳು. ವಾಸನೆಯಿಲ್ಲದ ಹಳೆಯ ಸೋಪು ಹುಡುಕಿ ಸ್ನಾನ ಮಾಡಿ, ಸೊಸೆಯ ಜೊತೆ ಕಾರ್ಖಾನೆಗೆ ಹೊರಟಳು.

ಬೀರಿನ ಕಾರ್ಖಾನೆ ಒಳಗಿನಿಂದ ಡೈರಿಯ ತಂಗಿಯಂತಿತ್ತು. ಅದೇ ಒದ್ದೆ ನೆಲ, ಅದೇ ಉಕ್ಕಿನ ಟ್ಯಾಂಕು, ನೀರು ಹರಿಯಲು ಅದೇ ಜಾಲರಿ ಮುಚ್ಚಿದ ಚರಂಡಿ, ಅದೇ ರಬ್ಬರ್ ಬೂಟು. ಕ್ಯಾನಕ್ಕನಿಗೆ ಅರ್ಧ ಧೈರ್ಯ ಅಲ್ಲೇ ಬಂತು. ಸೊಸೆ ತಣ್ಣನೆಯ ಕೋಣೆಯಿಂದ ನಾಲ್ಕು ಪುಟ್ಟ ಬಾಟಲಿ ತಂದಳು. ಎರಡನೇ ಸಲದ ಬೀರಿಗೆ ಕಾಫಿ ಹಾಕಿದ ಮೇಲೆ ದಿನಕ್ಕೊಂದರಂತೆ ಅವಳು ತೆಗೆದಿಟ್ಟ ಮಾದರಿಗಳವು.

"ಯಾವುದು ಯಾವ ದಿನದ್ದು ಅಂತ ನನಗೆ ಹೇಳ್ಬೇಡ. ಚೀಟಿ ಆ ಕಡೆ ತಿರುಗಿಸಿಡು" ಎಂದಳು ಕ್ಯಾನಕ್ಕ.

ಮೊದಲ ಗುಟುಕು ಬಾಯಿಗೆ ಹೋಯಿತು. ಇನ್ನು ನುಂಗಬೇಕು. ಹೇಳುವುದು ಸುಲಭ! ಮೂವತ್ತೊಂದು ವರ್ಷ ಹೊರಗೆ ತಳ್ಳುವುದನ್ನೇ ಕಲಿತ ನಾಲಿಗೆ ಗುಟುಕನ್ನು ತುಟಿಯ ತನಕ ತಾನೇ ತಂದು ನಿಲ್ಲಿಸಿತು. ಗಂಟಲು ಬಾಗಿಲು ಹಾಕಿಕೊಂಡು ಕೂತಿತು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತೆ, ನುಂಗಲೂ ಆಗದೆ ಉಗುಳಲೂ ಆಗದೆ, ಕೆನ್ನೆ ಉಬ್ಬಿಸಿಕೊಂಡು ಆಕೆ ನಿಂತಳು. ಕೊನೆಗೆ ಉಗಿದೇಬಿಟ್ಟಳು. ಎರಡನೆಯದೂ ಅದೇ ಪಾಡು.

"ಬಿಡಿ ಅತ್ತೆ, ಕಷ್ಟ ಆದ್ರೆ ಬೇಡ" ಎಂದಳು ಸೊಸೆ. ಅವಳ ದನಿ ನಡುಗುತ್ತಿತ್ತು.

ಆ ದನಿ ಕೇಳಿ ಕ್ಯಾನಕ್ಕನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕಣ್ಣು ಮುಚ್ಚಿದಳು. "ಮೇಸ್ತ್ರಿಗಳೇ, ಇದು ಹಾಲಲ್ಲ, ಕ್ಷಮಿಸಿ" ಎಂದು ಮನಸ್ಸಿನಲ್ಲೇ ಹೇಳಿಕೊಂಡು ಗುಟುಕನ್ನು ನುಂಗಿದಳು.

ಬಾಯಿ ಖಾಲಿಯಾಯಿತು. ಉಸಿರು ಗಂಟಲಿನಿಂದ ಮೇಲೆದ್ದು ಒಳಗಿನಿಂದ ಮೂಗಿಗೆ ಬಂತು. ಜೀವನವಿಡೀ ಮೂಗಿನ ಮುಂಬಾಗಿಲಲ್ಲೇ ಕಾವಲು ಕಾದವಳಿಗೆ ಅದಕ್ಕೊಂದು ಹಿಂಬಾಗಿಲೂ ಇದೆ ಎಂದು ಆವತ್ತು ಗೊತ್ತಾಯಿತು. ಕಾಫಿ ಬಂತು, ಸಿಹಿ ಬಂತು, ಸ್ವಲ್ಪ ಹೊತ್ತು ಬಿಟ್ಟು ಕಹಿ ಬಂತು, ಅಷ್ಟೇ. ನೀರು ಕುಡಿದು ಮುಂದಿನ ಬಾಟಲಿಗೆ ಹೋದಳು. ಇದರಲ್ಲಿ ಕಹಿ ಮರೆಯಾದ ಮೇಲೆ, ಕಳ್ಳನ ಹಾಗೆ ಹಿಂದಿನಿಂದ ಹಸಿರು ವಾಸನೆಯೊಂದು ನುಸುಳಿತು. ದಪ್ಪ ಮೆಣಸಿನಕಾಯಿ!

"ಸಿಕ್ತು ಕಣೇ!" ಎಂದು ಆಕೆ ಕೂಗಿದ್ದಕ್ಕೆ ಟ್ಯಾಂಕುಗಳೂ ಓಗೊಟ್ಟವು.

ನಾಲ್ಕನ್ನೂ ನುಂಗಿ, ಎರಡನ್ನು "ತಗೋ" ಎಂದು ಒಂದು ಕಡೆ ಇಟ್ಟಳು. ಒಂದನ್ನು "ಬೇಡ" ಎಂದು ದೂರ ಸರಿಸಿದಳು. ಇನ್ನೊಂದನ್ನು ಮೂರು ಸಲ ನುಂಗಿ, "ಇದು ಗೋಡೆ ಮೇಲೆ ಕೂತಿದೆ" ಎಂದು ನಡುವೆ ಇಟ್ಟಳು. ಸೊಸೆ ಚೀಟಿಗಳನ್ನು ತಿರುಗಿಸಿದಳು. ತಗೋ ಎಂದವು ಮೊದಲ ಮತ್ತು ಎರಡನೇ ದಿನದವು. ಗೋಡೆಯ ಮೇಲಿನದು ಮೂರನೆಯದು. ಬೇಡ ಎಂದದ್ದು ನಾಲ್ಕನೇ ದಿನದ್ದು. ಸೊಸೆ ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

"ಕಾಫಿ ಬೀಜ ಬದಲಾಯಿಸ್ಬೇಕು ಅಂತಿದ್ದೆ ನಾನು" ಎಂದಳು.

"ಬೀಜ ಏನು ಮಾಡಿತ್ತು ಪಾಪ? ತಪ್ಪು ಹುಲ್ಲಿಂದಲ್ಲ, ಹೊತ್ತಿಂದು. ಅತಿ ಆದ್ರೆ ಅಮೃತಾನೂ ವಿಷ. ಇವತ್ತು ಸಂಜೇನೇ ಆ ಚೀಲ ಹೊರಗೆ ತೆಗಿ."

"ಆದ್ರೆ ಅತ್ತೆ, ಕಾಫಿ ಜೋರಾಗಿರ್ಬೇಕು ಅಂತ ಸಾರ್ ಹೇಳಿದಾರೆ. ಎರಡೇ ದಿನಕ್ಕೆ ತೆಗೆದ್ರೆ ಸಪ್ಪೆ ಅಂದುಬಿಟ್ರೆ? ಅದು ಕೊನೇ ಟ್ಯಾಂಕು."

ಕ್ಯಾನಕ್ಕ ಬಾಟಲಿಗಳನ್ನು ಸೊಸೆಯ ಕಡೆಗೆ ಸರಿಸಿದಳು. "ನಿನ್ನೆ ನಾನು ತಪ್ಪು ಹೇಳಿದ್ದೆ. ಇವತ್ತು ನಂಬು ಅಂತ ಬಲವಂತ ಮಾಡಲ್ಲ. ನಿನ್ನ ಬೀರು, ನಿನ್ನ ಕೆಲಸ. ನೀನೇ ಹೇಳು."

ಸೊಸೆ ಬಾಟಲಿಗಳನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಸಂಜೆ ಐದಕ್ಕೆ ಇಬ್ಬರೂ ಸೇರಿ ಚೀಲ ಮೇಲೆತ್ತಿದರು. ಕಪ್ಪು ನೀರು ತೊಟ್ಟಿಕ್ಕುತ್ತಿದ್ದ ಆ ಚೀಲವನ್ನು ಕ್ಯಾನಕ್ಕ ಬಕೆಟ್ಟಿಗೆ ಇಳಿಸಿದಳು.

ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಕಾದಿದ್ದ ಕೋಣೆಗೆ ಯಜಮಾನ ಬಂದ. ಅವನಿಗಿಂತ ಮೊದಲು ಅವನ ಸೆಂಟು ಬಂತು. ಗ್ಲಾಸಿಗೆ ಕೈ ಹಾಕಿದವನನ್ನು ಕ್ಯಾನಕ್ಕ ತಡೆದಳು.

"ಇರಿ ಸ್ವಾಮಿ, ಮೊದಲು ಕೈ, ಕುತ್ತಿಗೆ ತೊಳ್ಕೊಂಡು ಬನ್ನಿ. ಈ ಸೆಂಟಲ್ಲಿ ಸೀಮೆಎಣ್ಣೆ ಕುಡಿದ್ರೂ ನಿಮಗೆ ಮಲ್ಲಿಗೆ ಅನ್ಸತ್ತೆ."

ಸೊಸೆಗೆ ಜೀವ ಬಾಯಿಗೆ ಬಂತು. ಯಜಮಾನ ಇದ್ಯಾರು ಎನ್ನುವಂತೆ ನೋಡಿದ. ಆದರೆ ಆ ದನಿಗೆ ಕ್ಯಾನುಗಟ್ಟಲೆ ಹಾಲು ವಾಪಸ್ಸು ಹೋದ ಚರಿತ್ರೆಯಿತ್ತು. ಅವನು ಹೋಗಿ ತೊಳೆದುಕೊಂಡು ಬಂದ. ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದ.

"ಕಾಫಿ ಕಮ್ಮಿ ಆಯ್ತಲ್ಲ?"

ಸೊಸೆಯ ತಲೆ ತಗ್ಗಿತು.

"ಈಗಲೇ ಹೇಳ್ಬೇಡಿ. ಚೆನ್ನಾಗಿ ನುಂಗಿ, ಬಾಯಿ ಮುಚ್ಕೊಂಡು ಮೂಗಿಂದ ನಿಧಾನಕ್ಕೆ ಉಸಿರು ಬಿಡಿ" ಎಂದಳು ಕ್ಯಾನಕ್ಕ.

ಯಜಮಾನ ಮತ್ತೊಂದು ಗುಟುಕು ನುಂಗಿದ. ಬಾಯಿ ಮುಚ್ಚಿ ಉಸಿರು ಬಿಟ್ಟ. ಹುಬ್ಬು ಮೊದಲು ಸಡಿಲವಾಯಿತು, ಆಮೇಲೆ ಮೇಲೇರಿತು. "ಅರೆ, ಈಗ ಬಂತು ಕಾಫಿ" ಎಂದ. ಮೂರನೆಯ ಗುಟುಕಿಗೆ ಅವನು ಕಣ್ಣು ಮುಚ್ಚಿದ. ಆ ಮೆಣಸಿನಕಾಯಿಗಾಗಿ ಕಾದ, ಇನ್ನೂ ಕಾದ, ಅದು ಬರಲೇ ಇಲ್ಲ. ಗ್ಲಾಸು ಖಾಲಿಯಾದ ಮೇಲೆ ಅದನ್ನು ಕೆಳಗಿಡದೆ ಸೊಸೆಯ ಮುಂದೆ ಚಾಚಿದ.

"ಇನ್ನೊಂದು ಹಾಕಮ್ಮ. ಮುಂದಿನ ತಿಂಗಳಿಂದ ಎರಡು ಟ್ಯಾಂಕು ಇದನ್ನೇ ಮಾಡು." ಸೊಸೆ ಗ್ಲಾಸು ತುಂಬಿಸುವ ಆತುರದಲ್ಲಿ ಅರ್ಧ ನೊರೆ ನೆಲಕ್ಕೆ ಚೆಲ್ಲಿದಳು. ಯಜಮಾನ ಕ್ಯಾನಕ್ಕನ ಕಡೆ ತಿರುಗಿದ. "ನೀವು ಏನಂತೀರಮ್ಮ?"

ಕ್ಯಾನಕ್ಕ ತನ್ನ ಗ್ಲಾಸು ಎತ್ತಿಕೊಂಡಳು. ಒಂದು ಗುಟುಕು ನುಂಗಿದಳು. ಗಂಟಲು ಈ ಸಲ ತಕರಾರು ಮಾಡಲಿಲ್ಲ. ಆಕೆ ಅವಸರ ಮಾಡಲಿಲ್ಲ, ಉಸಿರು ಹಿಂಬಾಗಿಲಿನಿಂದ ಬಂದು ಹೋಗುವ ತನಕ ಕಾದಳು. ಸೊಸೆಯ ಮುಖವನ್ನೇ ನೋಡುತ್ತ ಹೇಳಿದಳು.

"ತಗೋ."

ಆಮೇಲೆ ಗ್ಲಾಸನ್ನು ತಳ ಕಾಣುವ ತನಕ ಕುಡಿದಳು. ರುಚಿ ನೋಡಲು ಕೊಟ್ಟದ್ದನ್ನು ಪೂರ್ತಿ ಕುಡಿದದ್ದು ಆಕೆಯ ಜನ್ಮದಲ್ಲಿ ಅದೇ ಮೊದಲು. ಯಜಮಾನ ಅಲ್ಲೇ, ಮಂಗಳವಾರ ಮತ್ತು ಶುಕ್ರವಾರ ಬಂದು ಪ್ರತಿ ಟ್ಯಾಂಕಿನ ರುಚಿ ನೋಡಿ ಹೋಗಬೇಕು ಎಂದು ಕೇಳಿಕೊಂಡ. ಕ್ಯಾನಕ್ಕ ಒಪ್ಪಿದಳು. ಟ್ಯಾಂಕಿನ ನಂಬರು ತನಗೆ ಮೊದಲೇ ತಿಳಿಯಬಾರದು, ಆ ಕೋಣೆಗೆ ಸೆಂಟು ಹಾಕಿಕೊಂಡು ಯಾರೂ ಬರಬಾರದು ಎಂದು ಷರತ್ತು ಹಾಕಲು ಮರೆಯಲಿಲ್ಲ. ಮನೆಗೆ ಬಂದು ಗಂಡನ ಎದುರು ನಿಂತು, "ನಿಮ್ಮ ತೇಗು ಇಲ್ದಿದ್ರೆ ಏನೂ ಆಗ್ತಿರಲಿಲ್ಲ ನೋಡಿ" ಎಂದಳು. ಮದುವೆಯಾದ ಮೇಲೆ ಆ ಮೂಗಿನಿಂದ ತನ್ನದೊಂದಕ್ಕೆ "ತಗೋ" ಸಿಕ್ಕಿದ್ದು ಅದೇ ಮೊದಲು ಎಂದು ಆತ ಬೀದಿಗೆಲ್ಲ ಹೇಳಿಕೊಂಡು ಬಂದ.

ಮಂಗಳವಾರ ಬೆಳಿಗ್ಗೆ ಕ್ಯಾನಕ್ಕ ತಲೆ ಬಾಚಿಕೊಳ್ಳುತ್ತಿದ್ದಾಗ ಗಂಡ ಕಾಫಿ ಹಿಡಿದು ಬಂದ. ಆಕೆ ಬೇಡ ಎನ್ನಲು ಬಾಯಿ ತೆರೆದಳು. ಆತನ ಕೈಯಲ್ಲಿ ಇದ್ದದ್ದು ಒಂದೇ ಲೋಟ.

"ಇದು ನಂದು" ಎಂದು ಆತ ಕಿಟಕಿಯ ಹತ್ತಿರ ಕೂತು ಊದಿಕೊಂಡು ಕುಡಿಯತೊಡಗಿದ. "ನಿಂದು ಕೆಲಸ ಮುಗಿಸ್ಕೊಂಡು ಬಂದ್ಮೇಲೆ."